ಹೊಳೆಯಾಚೆ ಬಿಟ್ಟ ಮೊಲಗಳು

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯಲು ಶನಿವಾರ ಬೆಳಿಗ್ಗೆ ಮಾತ್ರ ಅಪ್ಪಣೆಯಿತ್ತು. ಅಪ್ಪಣೆ ಕೊಟ್ಟವಳು ಕೆಳಗಿನ ಮನೆಯ ಮುದುಕಿ. ಭಾನುವಾರ ಬಡಿದರೆ ಅವಳು ಕಸಬರಿಗೆಯ ಹಿಡಿಯಿಂದ ತನ್ನ ಛಾವಣಿಗೆ, ಅಂದರೆ ನಮ್ಮ ನೆಲಕ್ಕೆ, ತಿರುಗಿ ಬಡಿಯುತ್ತಿದ್ದಳು. ಭಾನುವಾರ ಗದ್ದಲ ಮಾಡಬಾರದು ಎಂಬುದು ಜರ್ಮನಿಯಲ್ಲಿ ಕಾನೂನೋ ಧರ್ಮವೋ ನಮಗೆ ಮೊದಮೊದಲು ತಿಳಿಯಲಿಲ್ಲ. ಅವ್ವ ರೊಟ್ಟಿಹಲಗೆಯ ಕೆಳಗೆ ಸ್ನಾನದ ಟವೆಲ್ ಮಡಿಸಿಟ್ಟು ನೋಡಿದಳು, ಚಾಪೆ ಹಾಸಿ ನೋಡಿದಳು, ಕಡೆಗೆ ಸೋತು ವಾರದ ರೊಟ್ಟಿಯನ್ನೆಲ್ಲ ಶನಿವಾರವೇ ಬಡಿದು, ಖಡಕ್ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಡತೊಡಗಿದಳು. ಹಬ್ಬಗಳ ಗತಿಯೂ ಅದೇ ಆಯಿತು. ಪಂಚಾಂಗದಲ್ಲಿ ಯಾವ ವಾರ ಬಂದರೂ ನಮ್ಮ ಮನೆಗೆ ಹಬ್ಬ ಶನಿವಾರವೇ ಬರುತ್ತಿತ್ತು. ದೇವರು ಕೂಡ ಈ ದೇಶಕ್ಕೆ ಬಂದ ಮೇಲೆ ರಜೆ ನೋಡಿಕೊಂಡು ಬರಬೇಕು ಎಂದು ಅಪ್ಪ ನಗುತ್ತಿದ್ದ.

ಮನೆ ಬಾನ್ ಊರಿನ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ನಾನು ಮಲಗುತ್ತಿದ್ದದ್ದು ನಡುಕೋಣೆಯ ಕಪಾಟಿನ ಹಿಂದೆ. ಅವ್ವ ಅಲ್ಲೊಂದು ಹಳೆಯ ಇಳಕಲ್ ಸೀರೆ ಕಟ್ಟಿ ನನಗೊಂದು ಕೋಣೆ ಮಾಡಿಕೊಟ್ಟಿದ್ದಳು. ಅಡುಗೆಮನೆಯ ಮೇಜು ಊಟಕ್ಕೂ ಅದೇ, ಅಪ್ಪನ ಕಾಗದಪತ್ರಕ್ಕೂ ಅದೇ, ನನ್ನ ಕಾಗುಣಿತಕ್ಕೂ ಅದೇ. ಬಾಗಲಕೋಟೆಯಿಂದ ಬಂದಾಗ ನನಗೆ ಆರು ವರ್ಷ. ಅಂಗಡಿಯವರು ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದ ಬಣ್ಣದ ಜಾಹೀರಾತು ಹಾಳೆಗಳ ಅಂಚಿನ ಖಾಲಿ ಜಾಗದಲ್ಲಿ ಅವ್ವ ನನ್ನಿಂದ ಕನ್ನಡ ಬರೆಸುತ್ತಿದ್ದಳು. ಎರಡೇ ವರ್ಷದಲ್ಲಿ ನಾನು ಶಾಲೆಯ ಹುಡುಗಿಯರಂತೆ ಜರ್ಮನ್ನಿನಲ್ಲೇ ಉತ್ತರ ಕೊಡಲು ಕಲಿತಿದ್ದೆ. ಅವ್ವ ಆಗ ಕಿವಿ ಕೇಳದವಳ ಹಾಗೆ ರೊಟ್ಟಿ ಮುರಿಯುತ್ತ ಕೂರುತ್ತಿದ್ದಳು, ಕನ್ನಡದಲ್ಲಿ ಕೇಳುವವರೆಗೆ ಪಲ್ಯ ಬಡಿಸುತ್ತಿರಲಿಲ್ಲ.

ಅಪ್ಪ ಒಂದು ಸಂಶೋಧನಾ ಸಂಸ್ಥೆಯಲ್ಲಿ ಯಂತ್ರ ರಿಪೇರಿಯ ಎಂಜಿನಿಯರ್. ವಿಜ್ಞಾನಿಗಳು ಕೆಡಿಸಿದ್ದನ್ನು ನಾನು ಸರಿಮಾಡುತ್ತೇನೆ ಎಂಬುದು ಅವನ ಹೆಮ್ಮೆ. ಮನೆಯಲ್ಲಿ ಅವನು ಹೆಚ್ಚು ಮಾತಾಡುವವನಲ್ಲ, ಆದರೆ ಆಡಿದ ಮಾತು ಆಡಿದ್ದೇ. ಶಾಲೆಯ ನಾಟಕಕ್ಕೆ ಬರುತ್ತೇನೆ ಎಂದಿದ್ದ ದಿನ ಹಿಮ ಬಿದ್ದು ಟ್ರಾಮ್ ನಿಂತಿತ್ತು. ಅವನು ಸೈಕಲ್ ನೂಕಿಕೊಂಡು ನಡೆದು ಬಂದು, ಒದ್ದೆ ಬೂಟಿನಲ್ಲೇ ಹಿಂದಿನ ಸಾಲಿನಲ್ಲಿ ನಿಂತು ನೋಡಿದ್ದ. ಅವ್ವನ ಜೊತೆ ನನ್ನ ಜಗಳಗಳಲ್ಲಿ ಸಾಕ್ಷಿ ಬೇಕಾದಾಗ ನಾನು ಅವನನ್ನೇ ಕರೆಯುತ್ತಿದ್ದೆ. ಅಪ್ಪ ಹೇಳಿದ ಎಂದರೆ ಅದರ ಮೇಲೆ ಮಾತಿರಲಿಲ್ಲ. ಈಗ ನನಗೆ ಅವತ್ತಿನ ಅಪ್ಪನ ವಯಸ್ಸು. ಆ ವಯಸ್ಸಿನಲ್ಲಿ ಮನುಷ್ಯ ಎಷ್ಟು ಸುಲಭವಾಗಿ ಜಾರುತ್ತಾನೆ ಎಂಬುದು ನನಗೂ ಗೊತ್ತು. ಗೊತ್ತಿದ್ದರೂ ನಾನು ಅವನನ್ನು ಕ್ಷಮಿಸಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಅಪ್ಪನಿಗೆ ಇದ್ದದ್ದು ಒಂದೇ ಹುಚ್ಚು, ಮಣ್ಣಿನದು. ರೈನ್ ನದಿಯ ದಂಡೆಯಲ್ಲಿ ಊರವರಿಗೆಂದು ತುಂಡುತುಂಡಾಗಿ ಹಂಚಿಕೊಡುವ ತೋಟಗಳಿದ್ದವು. ಒಂದೊಂದಕ್ಕೂ ಮೊಣಕಾಲೆತ್ತರದ ಬೇಲಿ, ಒಂದು ಮರದ ಗುಡಿಸಲು. ಎರಡು ವರ್ಷ ಸರದಿಯಲ್ಲಿ ಕಾದ ಮೇಲೆ ನಮಗೊಂದು ಸಿಕ್ಕಿತು. ಕೀಲಿಕೈ ಕೈಗೆ ಬಂದ ದಿನ ಅಪ್ಪ ಬೂಟು ಕಳಚಿ ಬರಿಗಾಲಲ್ಲಿ ತೋಟವನ್ನು ಸುತ್ತಿದ. ಊರಿಂದ ತರಿಸಿದ ಮೆಂತೆ, ಪುಂಡಿ, ಬದನೆ ಬೀಜ ಹಾಕಿದ. ಮೆಂತೆ ಬಂತು, ಬದನೆ ಚಳಿಗೆ ನಡುಗುತ್ತ ನಾಲ್ಕು ಕಾಯಿ ಕೊಟ್ಟಿತು. ಆ ನಾಲ್ಕರ ಎಣ್ಣೆಗಾಯಿಯನ್ನು ಅವ್ವ ಮಾಡಿದ ದಿನ ಅಪ್ಪ ಉಣ್ಣುತ್ತ ಉಣ್ಣುತ್ತ ಕಣ್ಣೊರೆಸಿಕೊಂಡ. ಕೆಸರಿನ ಬೂಟಿನ ಬಗ್ಗೆ ದಿನಾ ಜಗಳ ತೆಗೆಯುತ್ತಿದ್ದ ಅವ್ವ ಅವತ್ತು ಅದನ್ನು ತಾನೇ ತೊಳೆದಿಟ್ಟಳು.

ಆ ವರ್ಷದ ಎಳ್ಳಮಾವಾಸ್ಯೆಗೆ ಅವ್ವ ಚರಗ ಚೆಲ್ಲಲೇಬೇಕು ಎಂದು ಹಟ ಹಿಡಿದಳು. ನಮ್ಮ ಕಡೆ ಅವತ್ತು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಭೂತಾಯಿಗೂ ಹೊಲದ ಜೀವಜಂತುಗಳಿಗೂ ಮೊದಲು ಉಣಬಡಿಸಿ ಆಮೇಲೆ ಮನುಷ್ಯರು ಉಣ್ಣುತ್ತಾರೆ. ಒಬ್ಬರು ಮುಂದೆ ಅನ್ನ, ರೊಟ್ಟಿಯ ಚೂರು, ಪಲ್ಯ ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದು ಕೂಗಬೇಕು. ಹಿಂದಿನವರು ನೀರು ಚಿಮುಕಿಸುತ್ತ ಓಗೊಡಬೇಕು. ಡಿಸೆಂಬರಿನ ಮೋಡ ಕವಿದ ಮಧ್ಯಾಹ್ನ, ಎಲ್ಲರ ತೋಟವೂ ಬೋಳಾಗಿ ನಿಂತಿರುವಾಗ, ಅಪ್ಪ ಸ್ವೆಟರಿನ ಮೇಲೆ ಹೆಗಲಿಗೆ ವಲ್ಲಿ ಹಾಕಿಕೊಂಡು ಕೂಗುತ್ತ ಹೋದ. ತಂಬಿಗೆ ಹಿಡಿದು ಓಗೊಟ್ಟವಳು ನಾನು. ಪಕ್ಕದ ತೋಟಗಳಲ್ಲಿ ಇಬ್ಬರು ಮೂವರು ಕೆಲಸ ಬಿಟ್ಟು ನೋಡಿದರು, ಒಬ್ಬರು ಕೈ ಬೀಸಿದರು. ನನಗೆ ನಾಚಿಕೆಯಾಗಿತ್ತು, ಖುಷಿಯೂ ಆಗಿತ್ತು.

ಮರುದಿನ ಹೋಗಿ ನೋಡಿದರೆ ಒಂದು ಅಗುಳೂ ಉಳಿದಿರಲಿಲ್ಲ. ಯಾರು ಉಂಡರು ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ತೋಟದ ಮೂಲೆಯಲ್ಲಿ ಅಪ್ಪನೂ ನಾನೂ ಕಡಿದ ರೆಂಬೆಗಳನ್ನೂ ಮುಳ್ಳುಬಳ್ಳಿಯನ್ನೂ ಒಟ್ಟಿದ ಒಂದು ಬಣವೆಯಿತ್ತು. ನಾನು ಗುಡಿಸಲಿನ ಕಿಟಕಿಯಲ್ಲಿ ಅಲ್ಲಾಡದೆ ಕೂತಿದ್ದಾಗ ಅದರೊಳಗಿಂದ ಒಂದು ಮೊಲ ಹೊರಗೆ ಬಂತು. ಹಿಂದೆ ಇನ್ನೊಂದು. ಮೊಲ ಬಿಲದಲ್ಲಿ ಇರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಇವು ಬಿಲವನ್ನೇ ತೋಡಿರಲಿಲ್ಲ. ನದಿ ಏರಿದಾಗ ಅಲ್ಲಿಯ ನೆಲದೊಳಗೆ ನೀರು ಬರುತ್ತದೆ, ತೋಡಿದ ಬಿಲ ತುಂಬಿಹೋಗುತ್ತದೆ. ಅದಕ್ಕೇ ಆ ದಂಡೆಯ ಮೊಲಗಳು ನೆಲದ ಮೇಲೇ, ಪೊದೆಯಲ್ಲಿ, ರೆಂಬೆಯ ಬಣವೆಯಲ್ಲಿ, ಗುಡಿಸಲಿನ ಹಲಗೆಯ ಕೆಳಗೆ ಸಂಸಾರ ಮಾಡುತ್ತಿದ್ದವು. ನಾನು ದಿನಾ ಸಂಜೆ ಅಪ್ಪನ ಜೊತೆ ಹೋಗುವಾಗ ಜೇಬಿನಲ್ಲಿ ರೊಟ್ಟಿಯ ಚೂರು, ಗಜ್ಜರಿಯ ತುದಿ ಒಯ್ಯತೊಡಗಿದೆ. ಒಮ್ಮೆ ಅಪ್ಪ ನೋಡಿಬಿಟ್ಟ. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುತ್ತಾರೆ.

“ಏನಬೇ ತಂಗಿ, ಯಾರಿಗೆ ಹಾಕಾಕತ್ತಿ?”

“ಹೇಳಿದ್ರ ನೀ ಯಾರಿಗೂ ಹೇಳಬಾರ್ದು. ಆಣಿ ಮಾಡು.”

ಅವನು ನಕ್ಕು ನನ್ನ ತಲೆಯ ಮೇಲೆ ಕೈಯಿಟ್ಟ.

“ನಿನ್ನಾಣಿ. ಯಾರಿಗೂ ಹೇಳಂಗಿಲ್ಲ.”

ತಲೆ ಮುಟ್ಟಿ ಮಾಡಿದ ಆಣೆ ನಮ್ಮ ಮನೆಯಲ್ಲಿ ಹುಡುಗಾಟಿಕೆಯಲ್ಲ. ಸುಳ್ಳು ಆಣೆ ಮಾಡಿದವರಿಗೆ ಏನೂ ಆಗುವುದಿಲ್ಲ, ಯಾರ ತಲೆ ಮುಟ್ಟಿದರೋ ಅವರಿಗೆ ತಾಗುತ್ತದೆ ಎಂದು ಬಾಗಲಕೋಟೆಯ ಅಜ್ಜಿ ನನಗೆ ಹೇಳಿಕೊಟ್ಟಿದ್ದಳು. ಅಜ್ಜಿ ಹೇಳಿದ್ದನ್ನು ನಾನು ಶಾಲೆಯ ವಿಜ್ಞಾನಕ್ಕಿಂತ ಹೆಚ್ಚು ನಂಬುತ್ತಿದ್ದೆ. ಅದಕ್ಕೇ ಅಪ್ಪನನ್ನು ಬಣವೆಯ ಹತ್ತಿರ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದೆ: ಹಗಲು ಎಲ್ಲಿ ಮಲಗುತ್ತವೆ, ಹೆದರಿದರೆ ಯಾವ ಕಡೆಯಿಂದ ಹೊರಗೆ ನೆಗೆಯುತ್ತವೆ. ಬೇಲಿಯ ಕಡೆ ಮುಳ್ಳಿನ ನಡುವೆ ಒಂದು ತೆಳುವಾದ ಜಾಗವಿತ್ತು, ಪ್ರತಿಸಲವೂ ಅಲ್ಲಿಂದಲೇ. ಅಪ್ಪ ಮಂಡಿಯೂರಿ ಕೂತು ನೋಡಿ, “ಭಾರಿ ಶಾಣ್ಯಾಕಿ ನೀನು” ಎಂದ. ಆ ಸಂಜೆ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಮೊಲಗಳು ಹೆಚ್ಚಾದವು. ಮೊಲಗಳ ಸಂಸಾರ ಎಂದರೆ ಕೇಳಬೇಕೆ! ನಮ್ಮ ಮೆಂತೆ ಹೋಯಿತು, ಅಪ್ಪ ಗೊಣಗಿ ಸುಮ್ಮನಾದ. ಆಮೇಲೆ ಪಕ್ಕದವರ ಕೋಸು, ಅವರಾಚೆಯವರ ಗುಲಾಬಿಯ ಚಿಗುರು, ಸೇಬಿನ ಸಸಿಗಳ ತೊಗಟೆ. ತೋಟದವರದೆಲ್ಲ ಸೇರಿ ಒಂದು ಸಂಘ. ಅದರ ಅಧ್ಯಕ್ಷೆ ಫ್ರೌ ಮೆರ್ಟೆನ್ಸ್, ಅಂದರೆ ಶ್ರೀಮತಿ ಮೆರ್ಟೆನ್ಸ್, ಎಂಬ ಎತ್ತರದ ಹೆಂಗಸು. ಬೇಲಿ ಒಂದು ಗೇಣು ಎತ್ತರವಾದರೂ ಕಾಗದ ಬರೆಯುವ ಪೈಕಿ. ಅಕ್ಟೋಬರಿನಲ್ಲಿ ನಮಗೂ ಒಂದು ಕಾಗದ ಬಂತು. ಕಳೆದ ಚಳಿಗಾಲದಲ್ಲಿ ನೀವು ನೆಲದ ಮೇಲೆ ಅಡುಗೆ ಚೆಲ್ಲಿದ್ದನ್ನು ಸದಸ್ಯರು ಕಂಡಿದ್ದಾರೆ, ಕಾಡುಪ್ರಾಣಿಗಳಿಗೆ ಉಣಿಸುವುದು ನಿಯಮಕ್ಕೆ ವಿರುದ್ಧ, ಇದು ಮುಂದುವರಿದರೆ ತೋಟವನ್ನು ಹಿಂದಕ್ಕೆ ಪಡೆಯಲಾಗುವುದು. ಅಪ್ಪ ಊಟದ ತಾಟನ್ನು ಬದಿಗೆ ಸರಿಸಿ, ನಿಘಂಟು ಇಟ್ಟುಕೊಂಡು ಮೂರು ಸಲ ಓದಿದ. ಅವನ ಮುಖ ಕಪ್ಪಿಟ್ಟಿತ್ತು.

“ನೋಡು, ನಿನ್ನ ಚರಗದಿಂದ ಏನಾತು.”

“ಉಣ್ಣಾಕ ಹಾಕೂದು ಪುಣ್ಯದ ಕೆಲಸ. ಕಳವು ಮಾಡಿದ್ವೇನು ನಾವು?” ಎಂದಳು ಅವ್ವ.

“ಇಲ್ಲಿ ಪುಣ್ಯಕ್ಕೂ ಪರ್ಮಿಶನ್ ಬೇಕು. ಆ ತೋಟ ಹೋದ್ರ ನಾ ಈ ದೇಶದಾಗ ಇರಂಗಿಲ್ಲ, ತಿಳಕೋ.”

ಅವನು ಹಾಗೆ ದನಿಯೆತ್ತಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೆಳಗಿನ ಮುದುಕಿ ಕೂಡ ಒಮ್ಮೆ ಬಡಿದಳು. ಇಳಕಲ್ ಸೀರೆಯ ಹಿಂದೆ ಕೂತು ನಾನು ಎರಡನ್ನೂ ಬೇಡಿಕೊಂಡೆ, ಅಪ್ಪನಿಗೆ ತೋಟ ಉಳಿಯಲಿ, ನನಗೆ ಮೊಲ ಉಳಿಯಲಿ. ಎರಡೂ ಉಳಿಯುವ ದಾರಿ ಅಪ್ಪನಿಗೆ ಗೊತ್ತಿರುತ್ತದೆ ಎಂಬುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ನವೆಂಬರಿನಲ್ಲಿ ಸಂಘದ ಸಭೆಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿಬಂದ. ಬಂದವನು ಅವ್ವನಿಗೆ ತೋಟ ಉಳಿಯಿತು ಎಂದಷ್ಟೇ ಹೇಳಿ, ನನ್ನ ಪರದೆ ಸರಿಸಿ ಹಾಸಿಗೆಯ ಅಂಚಿಗೆ ಕೂತ.

“ತಂಗಿ, ಮುಂದಿನ ಶನಿವಾರ ಒಬ್ಬರು ಬರ್ತಾರ. ನಿನ್ನ ಮೊಲಾ ಹಿಡದು ಹೊಳಿ ಆಚಿಗೆ ಬಿಡ್ತಾರ. ಅಲ್ಲಿ ದೊಡ್ಡ ಅಡವಿ ಐತಿ. ಅವುಕ್ಕೂ ಚಲೋ, ನಮಗೂ ಚಲೋ.”

“ಕೊಲ್ಲಂಗಿಲ್ಲ?”

“ಛೇ. ನಾವು ಎಂಥಾ ಮಂದಿ? ಕೊಲ್ಲಸ್ತೀವೇನು?”

“ಆಣಿ?”

ಅವನು ಒಂದು ಗಳಿಗೆ ತಡೆದ. ಆ ತಡೆದದ್ದು ನನಗೆ ಈಗ ಎಷ್ಟು ಚೆನ್ನಾಗಿ ನೆನಪಿದೆಯೆಂದರೆ, ಅವತ್ತೇ ಯಾಕೆ ತಿಳಿಯಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತದೆ. ಆಮೇಲೆ ಕೈ ಬಂದು ನನ್ನ ತಲೆಯ ಮೇಲೆ ಕೂತಿತು.

“ನಿನ್ನಾಣಿ.”

ಶನಿವಾರ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ಮೊಲಗಳನ್ನು ಹೊಳೆಯಾಚೆ ಬಿಡುವ ಸುದ್ದಿಯನ್ನು, ಅವುಗಳಿಗೆ ನಾನು ಉಣಿಸುತ್ತಿದ್ದದ್ದನ್ನೂ ಸೇರಿಸಿ, ಅವ್ವನಿಗೆ ನಾನೇ ಹೇಳಿದ್ದೆ. ಅವಳು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ತೋಟಕ್ಕೆ ಬಂದವರು ಅಪ್ಪ ಮತ್ತು ನಾನು. ಹಿಡಿಯುವವನ ಹೆಸರು ಹೆರ್ ಕ್ನೋಪ್, ನಮ್ಮ ಮಾತಿನಲ್ಲಿ ಕ್ನೋಪ್ ಸಾಹೇಬ. ಅರವತ್ತು ದಾಟಿದ ಗಿಡ್ಡ ಮನುಷ್ಯ, ಹಸಿರು ಕೋಟು, ಮೃದುವಾದ ದನಿ. ಅವನ ಹೆಗಲಲ್ಲಿ ಪಟ್ಟಿ ಕಟ್ಟಿದ ಮರದ ಪೆಟ್ಟಿಗೆ, ಕಾಲ ಬಳಿ ಒರಟು ಕೂದಲಿನ ಗಿಡ್ಡ ಕಾಲಿನ ನಾಯಿ. ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿನ ಹುಲ್ಲಿನಲ್ಲಿ ಮಲಗಿದ್ದ ಪ್ರಾಣಿಯನ್ನು ನನಗೆ ತೋರಿಸಿದ. ಅದು ಫೆರೆಟ್, ನಮ್ಮ ಮುಂಗುಸಿಯ ಮೈಕಟ್ಟು, ಆದರೆ ಅದಕ್ಕಿಂತ ಸಣ್ಣದು, ಬೆಳ್ಳಗೆ, ಕಣ್ಣು ಕೆಂಪು. ಕುತ್ತಿಗೆಗೆ ಒಂದು ಪುಟ್ಟ ಗೆಜ್ಜೆ. ಆಕಳಿಸಿ ನನ್ನ ಬೆರಳು ಮೂಸಿತು. ನನಗೆ ತುಂಬ ಇಷ್ಟವಾಯಿತು. ಆಗ ಹೆರ್ ಕ್ನೋಪ್ ಮೆಚ್ಚುಗೆಯಿಂದ ಕೇಳಿದ:

“ಹಾಗಾದರೆ ಮೊಲಗಳ ಮನೆ ಗೊತ್ತಿರುವ ಹುಡುಗಿ ನೀನೇ ಅಲ್ಲವೆ? ನಿಮ್ಮ ತಂದೆ ಸಭೆಯಲ್ಲಿ ಎಲ್ಲರ ಮುಂದೆ ಹೇಳಿದರು, ನನ್ನ ಮಗಳಿಗೆ ಪ್ರತಿಯೊಂದೂ ಗೊತ್ತು ಅಂತ.”

ನಾನು ಅಪ್ಪನ ಕಡೆ ನೋಡಿದೆ. ಅವನು ಬೇಲಿಯ ಬಾಗಿಲಿನ ಚಿಲಕ ಸರಿಮಾಡುತ್ತಿದ್ದ. ಅದು ಕೆಟ್ಟಿರಲಿಲ್ಲ. ಮೊದಲನೇ ಆಣೆ ಮುರಿದಿತ್ತು. ಆದರೂ ನಾನು ಮನಸ್ಸಿನಲ್ಲೇ ಅಪ್ಪನ ಪರವಾಗಿ ವಾದಿಸಿದೆ. ಹೇಳದಿದ್ದರೆ ತೋಟ ಹೋಗುತ್ತಿತ್ತು, ಎರಡನೇ ಆಣೆ ಇನ್ನೂ ಇದೆಯಲ್ಲ ಎಂದುಕೊಂಡೆ.

ಹೆರ್ ಕ್ನೋಪ್ ಒಳ್ಳೆಯ ಮೇಷ್ಟ್ರಾಗಬಹುದಿತ್ತು. ಮೊಲ ಬಿಲದಲ್ಲಿದ್ದರೆ ಕೆಲಸ ಸುಲಭ, ಬಿಲದ ಬಾಯಿಗಳು ಕಣ್ಣಿಗೆ ಕಾಣುತ್ತವೆ, ಒಂದೊಂದಕ್ಕೂ ಬಲೆ ಹಾಕಿ ಫೆರೆಟನ್ನು ಒಳಗೆ ಬಿಟ್ಟರೆ ಸಾಕು, ಹೆದರಿದ ಮೊಲ ತಾನಾಗಿ ಹೊರಗೆ ಹಾರಿ ಬಲೆಗೆ ಬೀಳುತ್ತದೆ ಎಂದು ಪಿಸುಮಾತಿನಲ್ಲಿ ವಿವರಿಸಿದ. ನೆಲದ ಮೇಲಿರುವ ಮೊಲಕ್ಕೆ ಬಾಗಿಲೇ ಇಲ್ಲ, ಯಾವ ಕಡೆಯಿಂದ ಬೇಕಾದರೂ ಹಾರುತ್ತದೆ. ಇಡೀ ತೋಟಗಳ ಸಾಲಿನಲ್ಲಿ ಇಂಥ ಬಣವೆಗಳು, ಪೊದೆಗಳು ಎಷ್ಟೋ. ಅವನಿಗೆ ಪರವಾನಗಿ ಇದ್ದದ್ದು ಒಂದು ಬೆಳಿಗ್ಗೆಗೆ. ಮೊಲ ಒಳಗೆ ಇದೆಯೋ ಇಲ್ಲವೋ ಎಂಬುದನ್ನು ನಾಯಿ ಹೇಳುತ್ತದೆ. ಆದರೆ ಯಾವ ಕಡೆಯಿಂದ ಹೊರಡುತ್ತದೆ ಎಂಬುದನ್ನು ನಾಯಿಯೂ ಹೇಳಲಾರದು. ಅಷ್ಟು ಹೇಳಿ ಅವನು ನನ್ನ ಮುಖ ನೋಡಿದ. ನನಗೆ ಎಂದೂ ಯಾರೂ ಅಷ್ಟು ಗೌರವದಿಂದ ಏನನ್ನೂ ಕೇಳಿರಲಿಲ್ಲ. ನಾನು ಬೇಲಿಯ ಕಡೆಯ ತೆಳುವಾದ ಜಾಗಕ್ಕೆ ಕೈ ತೋರಿಸಿದೆ.

ನಾಯಿ ಬಣವೆಯನ್ನು ಸುತ್ತಿ ಒಂದು ಕಡೆ ನಿಂತಿತು. ಮುಂಗಾಲು ಎತ್ತಿ ಹಿಡಿದು, ಬಾಲ ಅಲ್ಲಾಡಿಸದೆ. ಹೆರ್ ಕ್ನೋಪ್ ತಲೆಯಾಡಿಸಿ ನಾನು ತೋರಿಸಿದ ಕಡೆ ಉದ್ದನೆಯ ಬಲೆಯನ್ನು ಸಡಿಲವಾಗಿ ನಿಲ್ಲಿಸಿದ. ಬಲೆ ತಪ್ಪಿಸಿಕೊಂಡವುಗಳಿಗೆ ನಾಯಿ. ಯಾರೂ ಮಾತಾಡಬಾರದು, ಕಾಲು ಸದ್ದು ಮಾಡಬಾರದು, ಸದ್ದು ಕೇಳಿದರೆ ಮೊಲ ಹೊರಗೆ ಬರುವ ಬದಲು ಒಳಗೇ ಮುದುಡಿ ಕೂರುತ್ತದೆ. ಫೆರೆಟ್ ಇಳಿಯಿತು. ರೆಂಬೆಗಳ ಒಳಗೆ ಗೆಜ್ಜೆಯ ಸದ್ದು ಅಲ್ಲಲ್ಲಿ ಕೇಳಿ, ನಿಂತು, ಮತ್ತೆ ಕೇಳಿತು. ಆಮೇಲೆ ಬಣವೆ ಒಳಗಿನಿಂದ ಅಲುಗಿತು. ಮೊದಲ ಮೊಲ ಸರಿಯಾಗಿ ನಾನು ತೋರಿಸಿದ ಜಾಗದಿಂದಲೇ ಹಾರಿ ಬಲೆಗೆ ಬಿತ್ತು, ಹಿಂದೆಯೇ ಎರಡು. ಇನ್ನೊಂದು ಬಲೆಯ ಅಂಚಿನಲ್ಲಿ ನುಸುಳಿ ಕೋಸಿನ ಸಾಲಿನ ಮೇಲೆ ಓಡಿತು, ನಾಯಿ ಹತ್ತು ಹೆಜ್ಜೆಯಲ್ಲಿ ಅದನ್ನು ಹಿಡಿದು ಬಾಯಲ್ಲಿ ಎತ್ತಿಕೊಂಡು ಬಂತು. ಅದು ಒಮ್ಮೆ ಕೂಗಿತು. ಮೊಲಕ್ಕೆ ದನಿ ಇದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊಲಗಳನ್ನು ಹಾಕಿ ಹೊಳೆ ದಾಟಿಸುವ ಪೆಟ್ಟಿಗೆ ಎಲ್ಲಿದೆ ಎಂದು ನಾನು ಸುತ್ತ ನೋಡಿದೆ. ಗಾಡಿಯಲ್ಲಿ ಇರಬಹುದು ಎಂದುಕೊಂಡು, ತರಲೇ ಎಂದು ಹೆರ್ ಕ್ನೋಪನನ್ನು ಕೇಳಿದೆ.

“ಯಾವ ಪೆಟ್ಟಿಗೆ, ಮಗೂ?”

ಹೀಗೆ ಕೇಳುತ್ತಲೇ ಅವನು ಬಲೆಯಿಂದ ಮೊಲವನ್ನು ಬಿಡಿಸಿ, ಹಿಂಗಾಲು ಹಿಡಿದು ತೂಗಿಸಿ, ಕಿವಿಯ ಹಿಂದೆ ಅಂಗೈ ಅಂಚಿನಿಂದ ಒಂದು ಏಟು ಹಾಕಿದ. ಅವನ ಮುಖದಲ್ಲಿ ಕ್ರೌರ್ಯವೇನೂ ಇರಲಿಲ್ಲ. ಅವ್ವ ರೊಟ್ಟಿ ತಿರುವಿಹಾಕುವಾಗ ಇರುವಂಥ ಗಮನ, ಅಷ್ಟೇ. ಮೊದಲನೆಯದು, ಎರಡನೆಯದು, ಮೂರನೆಯದು, ನಾಯಿ ತಂದದ್ದು. ಹುಲ್ಲಿನ ಮೇಲೆ ಒಂದರ ಪಕ್ಕ ಒಂದು ಸಾಲಾಗಿ ಮಲಗಿಸಿದ. ನಾನು ಕಿರುಚಲಿಲ್ಲ. ಸದ್ದು ಮಾಡಬಾರದು ಎಂದು ಹೇಳಿದ್ದರಲ್ಲ, ನಾನು ಮಾಡಲಿಲ್ಲ. ಅಪ್ಪನ ಕಡೆ ತಿರುಗಿದೆ. ಅವನು ನದಿಯ ಕಡೆ ನೋಡುತ್ತ ನಿಂತಿದ್ದ. ಆ ಹೊತ್ತಿನಲ್ಲಿ ನನಗೆ ಮೊಲಗಳ ದುಃಖಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಒಂದು ತುಂಡು ತೋಟಕ್ಕಾಗಿ ಅಪ್ಪ ನನ್ನ ತಲೆಯನ್ನೇ ಒತ್ತೆಯಿಟ್ಟಿದ್ದ. ಏನಾದರೂ ಆಗುವುದಿದ್ದರೆ ಅದು ನನಗೆ ಎಂದು ಗೊತ್ತಿದ್ದೂ ಕೈಯಿಟ್ಟಿದ್ದ.

ಕೆಲಸ ಮುಗಿದ ಮೇಲೆ ಅವರ ಒಂದು ಪದ್ಧತಿ. ಜಾಗದ ಯಜಮಾನನಿಗೆ ಬೇಟೆಯಲ್ಲಿ ಒಂದು ಪಾಲು. ಹೆರ್ ಕ್ನೋಪ್ ದಪ್ಪಗಿದ್ದ ಒಂದು ಮೊಲವನ್ನು ಆರಿಸಿ, ಟೋಪಿ ತೆಗೆದು, ಎರಡೂ ಕೈಯಲ್ಲಿ ಅಪ್ಪನ ಮುಂದೆ ಹಿಡಿದ. ಏಳೇಳು ತಲೆಮಾರಿನಿಂದ ಮೊಟ್ಟೆಯನ್ನೂ ಮುಟ್ಟದ ಮನೆತನದ ಅಪ್ಪ, ಬೇಡ ಎಂದರೆ ಅವರಿಗೆ ಅವಮಾನವಾದೀತೆಂದು, ಅದನ್ನು ಕೈಯೊಡ್ಡಿ ತೆಗೆದುಕೊಂಡ! ಥ್ಯಾಂಕ್ಸ್ ಎಂದೂ ಹೇಳಿದ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ, ಅದರ ಕಾಲು ಹಿಡಿದುಕೊಂಡು ಕೆಸರಿನ ದಾರಿಯಲ್ಲಿ ನಡೆದು ಹೋಗಿ ಫ್ರೌ ಮೆರ್ಟೆನ್ಸಳ ಬಾಗಿಲಲ್ಲಿ ನಿಂತ. ಅವಳು ಸಂತೋಷಪಟ್ಟು ಅವನ ಭುಜ ತಟ್ಟಿದಳು. ಅಪ್ಪನನ್ನು ಆ ತೋಟದವರು ತಮ್ಮವನೆಂದು ಒಪ್ಪಿದ್ದು ಅವತ್ತೇ. ಅದಕ್ಕೆ ಮುಂಚೆ ಯಾರೂ ಅವನ ಭುಜ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಕಟ್ಟಡದ ಮೆಟ್ಟಿಲಲ್ಲಿ, ಎರಡನೇ ಮಹಡಿಯ ತಿರುವಿನಲ್ಲಿ ಅಪ್ಪ ನಿಂತ.

“ಅವ್ವಗ ಹೇಳಬ್ಯಾಡ. ಆಕಿ ತಡಕೊಳ್ಳಂಗಿಲ್ಲ.”

“ನೀ ನನ್ನ ಮ್ಯಾಲ ಆಣಿ ಮಾಡಿದ್ದಿ.”

“ಆಣಿ ಗೀಣಿ ಅಂತ ಏನೂ ಇರಂಗಿಲ್ಲ ತಂಗಿ. ನೀ ಈಗ ದೊಡ್ಡಾಕಿ ಆಗೀದಿ.”

ಒಂಬತ್ತು ವರ್ಷಕ್ಕೆ ನನ್ನನ್ನು ದೊಡ್ಡವಳನ್ನಾಗಿ ಮಾಡಿದ ಮಾತು ಅದು. ಆಣೆ ಎಂಬುದೇ ಇಲ್ಲ ಎಂದಾದರೆ ಇಡುವಾಗ ಹೇಳಬಹುದಿತ್ತಲ್ಲ! ಅಪ್ಪ ಸ್ನಾನದ ಮನೆಗೆ ಹೋಗಿ ಕೈ ತೊಳೆದ, ಸಾಬೂನು ಹಚ್ಚಿ ಮತ್ತೆ ತೊಳೆದ. ಅವ್ವ ಬಿಸಿ ರೊಟ್ಟಿ, ಗುರೆಳ್ಳ ಹಿಂಡಿ, ಕಾಳಪಲ್ಯ ಬಡಿಸಿದಳು. ಕೇಳಿದಳು.

“ಎಲ್ಲಾ ಸಿಕ್ವೇನ್ರಿ?”

“ಸಿಕ್ಕು. ಹೊಳಿ ಆಚಿಗೆ ಬಿಟ್ಟು ಬಂದ್ರು.”

ಅವ್ವ ನನ್ನ ಕಡೆ ತಿರುಗಿದಳು. ಅಪ್ಪನ ಮಾತನ್ನು ಅನುಮಾನಿಸಿ ಅಲ್ಲ; ಮೊಲ ನನ್ನವು ಎಂದು ಅವಳಿಗೆ ಗೊತ್ತಿತ್ತು, ನನ್ನ ಬಾಯಿಂದ ಕೇಳುವ ಆಸೆ ಅವಳಿಗೆ.

“ಹೌದೇನವಾ?”

ಅಪ್ಪ ತಾಟಿನಿಂದ ಕಣ್ಣೆತ್ತಿ ನನ್ನನ್ನು ನೋಡಿದ. ಅದುವರೆಗೆ ನಮ್ಮ ಮನೆಯಲ್ಲಿ ಸಾಕ್ಷಿಗೆ ಅವನನ್ನು ಕರೆಯುತ್ತಿದ್ದವಳು ನಾನು. ಅವತ್ತು ಕಣ್ಣಿನಲ್ಲೇ ನನ್ನನ್ನು ಕರೆದವನು ಅವನು. ನಿಜ ಹೇಳಿದರೆ ಅವ್ವ ಆ ತಾಟನ್ನು ಎತ್ತಿ ಇಡುತ್ತಾಳೆ, ಅವನಿಗೆ ಮತ್ತೆ ಎಂದೂ ನಗುತ್ತ ಬಡಿಸುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು.

“ಹೌದವ್ವಾ” ಎಂದೆ. ಕನ್ನಡದಲ್ಲೇ ಹೇಳಿದೆ, ಅವಳಿಗೆ ಖುಷಿಯಾಯಿತು.

ಮುಂದಿನ ಕೆಲವು ದಿನ ನಾನು ಏನಾದರೂ ಆಗುತ್ತದೆ ಎಂದು ಕಾದೆ. ಶಾಲೆಯಲ್ಲಿ ಪಾಠದ ನಡುವೆ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಜ್ವರ ಬರಲಿಲ್ಲ, ತಲೆನೋವೂ ಬರಲಿಲ್ಲ. ಬಂದಿದ್ದರೆ ಒಂದು ಲೆಕ್ಕಕ್ಕೆ ಚೆನ್ನಾಗಿತ್ತು; ಅಪ್ಪನಿಗೆ ತಾನು ಮಾಡಿದ್ದು ಏನೆಂದು ಗೊತ್ತಾಗುತ್ತಿತ್ತು. ನಾನು ಆರೋಗ್ಯವಾಗಿ ಉಂಡುಟ್ಟು ಓಡಾಡಿಕೊಂಡಿದ್ದದ್ದೇ ಅವನು ಮಾಡಿದ್ದು ತಪ್ಪಲ್ಲ ಎಂಬುದಕ್ಕೆ ಪುರಾವೆಯಾಗಿಬಿಟ್ಟಿತು. ಅಪ್ಪ ಮೊದಲಿಗಿಂತ ಹೆಚ್ಚು ಅಕ್ಕರೆ ತೋರಿಸುತ್ತಿದ್ದ. ಚಾಕಲೇಟ್ ತಂದ, ಸೈಕಲ್ಲಿಗೆ ಹೊಸ ಗಂಟೆ ಹಾಕಿಸಿದ. ನಾನು ಎಲ್ಲವನ್ನೂ ತೆಗೆದುಕೊಂಡೆ.

ಎಳ್ಳಮಾವಾಸ್ಯೆಯ ಶನಿವಾರ ಬಂತು. ಸಂಘದ ಕಾಗದ ಬಂದ ಮೇಲೆ ತೋಟದಲ್ಲಿ ಚರಗ ಚೆಲ್ಲುವಂತಿರಲಿಲ್ಲ. ಈ ವರ್ಷ ಬಿಡೋಣ ಎಂದು ಅಪ್ಪ ಅಂದುಕೊಂಡಿದ್ದ. ಅವ್ವ ಬೆಳಗಾಗುವ ಮೊದಲೇ ಎದ್ದು ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೊಸರನ್ನ ಎಲ್ಲ ಮಾಡಿ ಡಬ್ಬಿ ಕಟ್ಟಿ, ಸೀರೆಯ ಮೇಲೆ ಚಳಿಗಾಲದ ಕೋಟು ತೊಟ್ಟು ಬಾಗಿಲಲ್ಲಿ ನಿಂತಳು.

“ಏಳ್ರಿ. ಹೊಳಿ ಆಚಿಗೆ ಹೋಗೂಣು. ನಮ್ಮ ಮೊಲಾ ಅಲ್ಲೇ ಅದಾವಲ್ಲ.”

ಅಪ್ಪ ಏನೇನೋ ಹೇಳಿದ. ಗಾಳಿ ಜೋರಾಗಿದೆ ಎಂದ, ಹೊಳೆ ದಾಟಿಸುವ ಫೆರಿ ಇರುತ್ತದೋ ಇಲ್ಲವೋ ಎಂದ, ಅಲ್ಲಿ ಚೆಲ್ಲಿದರೆ ಇನ್ಯಾರು ಕಾಗದ ಬರೆಯುತ್ತಾರೋ ಎಂದ.

“ನಮ್ಮ ಕೈಯಾಗ ಉಣ್ಣಾಕ ಕಲಿತಾವ. ಗೊತ್ತಿಲ್ಲದ ಊರಿಗೆ ಕಳಿಸೇವಿ. ಹಬ್ಬದ ದಿನ ಉಪಾಸ ಇಡಬೇಕೇನು?” ಎಂದಳು ಅವ್ವ. ಗೊತ್ತಿಲ್ಲದ ಊರಿಗೆ ಬಂದ ಮೊದಲ ವರ್ಷ ಅವಳು ಒಬ್ಬಳೇ ಅಡುಗೆಮನೆಯಲ್ಲಿ ಅತ್ತದ್ದನ್ನು ನಾವಿಬ್ಬರೂ ನೋಡಿದ್ದೆವು. ಅಪ್ಪ ಎದ್ದ. ವಲ್ಲಿ ಹೆಗಲಿಗೆ ಹಾಕಿಕೊಂಡ.

ಫೆರಿಯಲ್ಲಿ ನಾಲ್ಕೈದು ಕಾರು, ಸೈಕಲ್ಲಿನ ಇಬ್ಬರು, ನಾವು ಮೂವರು. ಅವ್ವ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಎದುರಿನ ದಂಡೆಯನ್ನೇ ನೋಡುತ್ತಿದ್ದಳು. ಅಡವಿ ಅಂಥ ದೊಡ್ಡದೇನೂ ಇರಲಿಲ್ಲ, ದಂಡೆಯ ಮೇಲೆ ಮುಳ್ಳಿನ ಪೊದೆಗಳು, ಹಿಂದೆ ಬೋಳು ಮರಗಳ ಒಂದು ಸಾಲು. ಇಳಿದು, ಜನ ಇಲ್ಲದ ಕಡೆ ಸ್ವಲ್ಪ ದೂರ ನಡೆದೆವು. ಅವ್ವ ಡಬ್ಬಿ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು, ನನಗೆ ನೀರಿನ ತಂಬಿಗೆ. ಅಪ್ಪ ರೊಟ್ಟಿ ಮುರಿದು ಚೆಲ್ಲುತ್ತ ಕೂಗಿದ. ದನಿ ಅರ್ಧಕ್ಕೇ ಬಿದ್ದಿತು. ಜೋರಾಗಿ ಕೂಗ್ರಿ, ಅವುಕ್ಕ ಕೇಳಬೇಕು ಎಂದಳು ಅವ್ವ. ಅವನು ಜೋರಾಗಿ ಕೂಗಿದ. ಇಲ್ಲದವರ ಹೆಸರಿನಲ್ಲಿ ಅವನು ಮುಂದೆ ಚೆಲ್ಲುತ್ತ ಹೋದ, ನಾನು ಹಿಂದೆ ಓಗೊಡುತ್ತ ಹೋದೆ. ಗೊತ್ತಿದ್ದವರು ನಾವಿಬ್ಬರೇ. ಅವನು ಒಮ್ಮೆ ತಿರುಗಿ ನೋಡಿದ್ದರೆ, ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದ್ದರೆ, ನಾನು ಅಲ್ಲೇ ತಂಬಿಗೆ ಇಟ್ಟು ಅವನನ್ನು ಅಪ್ಪಿಕೊಳ್ಳುತ್ತಿದ್ದೆ. ಅಷ್ಟೇ ಸಾಕಿತ್ತು ನನಗೆ.

“ಅಗಾ! ಅಗಾ ನೋಡ್ರಿ!”

ಅವ್ವ ಕೈ ತೋರಿಸುತ್ತಿದ್ದಳು. ಮುಳ್ಳುಪೊದೆಯ ಅಂಚಿನಲ್ಲಿ ಒಂದು ಮೊಲ ಹೊರಗೆ ಬಂದು ಹಿಂಗಾಲ ಮೇಲೆ ಎದ್ದು ಕೂತಿತ್ತು. ಆ ದಂಡೆಯ ಯಾವುದೋ ಮೊಲ. ಅವ್ವ ಕೈ ಮುಗಿದಳು, ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಅಪ್ಪನನ್ನು ನೋಡಿದೆ. ಅವನ ಮುಖ ಅರಳಿತ್ತು. ವಾರಗಳಿಂದ ಹೊತ್ತಿದ್ದ ಏನನ್ನೋ ಇಳಿಸಿದವನ ಹಾಗೆ ಉದ್ದಕ್ಕೆ ಉಸಿರು ಬಿಟ್ಟು, ಅವ್ವನ ಕಡೆ ಅಲ್ಲ, ನೇರವಾಗಿ ನನ್ನ ಕಡೆ ತಿರುಗಿದ.

“ನೋಡಿದ್ಯಾ ತಂಗಿ? ನಾ ಹೇಳಿರಲಿಲ್ಲಾ?”

ಅವ್ವನ ಮುಂದೆ ಆಡಿದ ನಾಟಕವಾಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವನು ನಾಟಕ ಆಡುತ್ತಿರಲಿಲ್ಲ. ಹುಲ್ಲಿನ ಮೇಲೆ ಸಾಲಾಗಿ ಮಲಗಿದ್ದವುಗಳನ್ನು ತನ್ನ ಪಕ್ಕದಲ್ಲೇ ನಿಂತು ನೋಡಿದ ಮಗಳನ್ನು ಅವನು ಖುಷಿಯಿಂದ ಕೇಳುತ್ತಿದ್ದ, ನನ್ನ ಉತ್ತರಕ್ಕೆ ಕಾಯುತ್ತಿದ್ದ.

“ಹೌದಪ್ಪಾ” ಎಂದೆ.

ಅವತ್ತಿನಿಂದ ಇವತ್ತಿನವರೆಗೆ ಅವನು ಏನು ಕೇಳಿದರೂ ನಾನು ಹೌದೆಂದೇ ಹೇಳುತ್ತ ಬಂದಿದ್ದೇನೆ. ನನ್ನ ಮಗಳು ಎಂದೂ ಎದುರಾಡಿದವಳಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾನೆ.